ನಿನ್ನೆಯದೊಂದು ಹಿಡಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ಮಾಂಸ ವ್ಯಾಪಾರಿಗಳ ಸಂಘದ ಸದಸ್ಯರೇ, ಸಭಿಕರೇ,

ಹೊಸಬರಿಗೆ ನಾನು ಯಾರೆಂದು ಹೇಳಬೇಕು. ಮಾರುಕಟ್ಟೆ ಬೀದಿಯ ಮೂಲೆಯಂಗಡಿಯ ಯಜಮಾನಿ ನಾನು. ಹೈಸ್ಕೂಲು ಮುಗಿಸಿದ ವರ್ಷವೇ ಆ ಮನೆಗೆ ಸೊಸೆಯಾಗಿ ಬಂದೆ. ನಲವತ್ತೆರಡು ವರ್ಷದಿಂದ ಕತ್ತಿ ಹಿಡಿದಿದ್ದೇನೆ. ಮೂವರು ಗಂಡುಮಕ್ಕಳು ಇವತ್ತಿಗೂ ನನ್ನನ್ನು ಕೇಳದೆ ಅಂಗಡಿಯ ಬಾಗಿಲು ತೆಗೆಯುವುದಿಲ್ಲ. ನನ್ನನ್ನು ಕಂಡರೆ ಅಧ್ಯಕ್ಷರೂ ಸಿಗರೇಟು ಬಿಸಾಡುತ್ತಾರೆ. ನಗಬೇಡಿ, ಈಗ ಬರುವಾಗಲೂ ಬಿಸಾಡಿದರು.

ನಮ್ಮ ಮನೆಯ ಹಸಿ ಕೊಚ್ಚುಮಾಂಸಕ್ಕೆ ಇವತ್ತು ಸನ್ಮಾನ. ಇಷ್ಟು ವರ್ಷವಾದರೂ ರುಚಿ ಬದಲಾಗಿಲ್ಲ ಎಂದು ಸನ್ಮಾನಪತ್ರದಲ್ಲಿ ಈಗ ತಾನೇ ಓದಿದಿರಿ. ಯಾಕೆ ಬದಲಾಗಿಲ್ಲ? ಅದನ್ನು ಹೇಳಲೆಂದೇ ಬಂದಿದ್ದೇನೆ.

ಮಾಂಸವನ್ನು ನುಣ್ಣಗೆ ಕೊಚ್ಚಿ, ಉಪ್ಪು, ಮೆಣಸು, ಹುಳಿ ಬೆರೆಸಿ, ಬೇಯಿಸದೆ ಕೊಡುತ್ತೇವೆ. ನಿನ್ನೆ ಉಳಿದದ್ದರಲ್ಲಿ ಒಂದು ಹಿಡಿ ತೆಗೆದು, ಹಾಲಿಗೆ ಹೆಪ್ಪು ಹಾಕುವ ಹಾಗೆ, ಇವತ್ತಿನದಕ್ಕೆ ಸೇರಿಸುತ್ತೇವೆ. ಅತ್ತೆ ಹಾಗೇ ಮಾಡಿದರು, ನಾನೂ ಮಾಡಿದೆ. ಫ್ರಿಜ್ಜಿನಲ್ಲಿಡುತ್ತಿದ್ದೆ, ಬೆಳಿಗ್ಗೆ ಮೂಸಿ ನೋಡುತ್ತಿದ್ದೆ. ನನ್ನ ಮೂಗಿನ ಮೇಲೆ ನನಗೆ ಅಷ್ಟು ಗರ್ವ.

ಕಿರಿಯ ಸೊಸೆಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಬಂದ ಹೊಸದರಲ್ಲೇ, “ಅತ್ತೆ, ಆ ಹಿಡಿ ಬೇಡ. ನಿನ್ನೆಯದ್ರಲ್ಲಿ ಏನಾದ್ರೂ ಸೇರಿದ್ರೆ ನಾಳೆಗೂ ಅದೇ ಹೋಗತ್ತೆ. ಫ್ರಿಜ್ಜಿನಲ್ಲೂ ಬೆಳೆಯೋ ಕ್ರಿಮಿ ಇದೆ, ವಾಸನೇನೂ ಬರಲ್ಲ,” ಅಂದಳು.

“ನಿನ್ನ ಮೆಷಿನ್ನಿಗೆ ಕಾಣೋದು ನನ್ನ ಮೂಗಿಗೆ ಗೊತ್ತಾಗಲ್ವೇನೇ? ತಿಂದು ನಾವೇನು ಸತ್ತಿದ್ದೀವಾ?”

“ಸತ್ತೋರು ಬಂದು ಹೇಳ್ತಾರಾ, ಅತ್ತೆ?”

ಅವತ್ತಿನಿಂದ ಅವಳನ್ನು ‘ಡಾಕ್ಟರಮ್ಮ’ ಎಂದು ಕರೆದೆ. ಗಿರಾಕಿಗಳ ಮುಂದೆಯೂ ಕರೆದೆ.

ಅವಳು ಬಸುರಿಯಾದಳು. ಐದನೆಯ ತಿಂಗಳಲ್ಲಿ ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ ಆ ಹಸಿ ಕೊಚ್ಚುಮಾಂಸದ ಮೊದಲ ತುತ್ತನ್ನು ನಾನೇ ಅವಳ ಬಾಯಿಗೆ ಹಿಡಿದೆ. ಬೇಡ ಅಂದಳು. ನಾನು ಕೈ ಇಳಿಸಲಿಲ್ಲ. ಎಲ್ಲರೂ ನೋಡುತ್ತಿದ್ದರು. ಬಾಯಿ ತೆರೆದಳು.

ಅದಾದ ಮೂರನೆಯ ವಾರ ಅವಳಿಗೆ ಜ್ವರ ಬಂತು. ಮಗು ಹೊಟ್ಟೆಯಲ್ಲೇ ಹೋಯಿತು. ಹೆಣ್ಣು. ಅವಳ ರಕ್ತದಲ್ಲಿ ಸಿಕ್ಕ ಕ್ರಿಮಿಯೇ ನಮ್ಮ ಕೊಚ್ಚುಮಾಂಸದ ಪಾತ್ರೆಯಲ್ಲೂ ಸಿಕ್ಕಿತು. ವರದಿಯನ್ನು ಅವಳೇ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟಳು. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು.

ನಮ್ಮ ಪಾತ್ರೆ ಎಸೆದರೆ ಮುಗಿಯಿತೇ? ನನ್ನಿಂದ ಆ ಹಿಡಿಯನ್ನು ಕೇಳಿ ಪಡೆದು, ಅದರಿಂದಲೇ ಅಂಗಡಿ ನಡೆಸುತ್ತಿರುವ ನಾಲ್ವರು ಮುಂದಿನ ಸಾಲಿನಲ್ಲೇ ಇದ್ದೀರಿ. ಹೋದ ವಾರ ನಿಮ್ಮ ನಾಲ್ಕೂ ಮನೆಗಳಿಗೆ ಬಂದೆ. ವರದಿ ತೋರಿಸಿದೆ. “ಸನ್ಮಾನ ಮುಗೀಲಿ ಅಕ್ಕ, ಆಮೇಲೆ ನೋಡೋಣ,” ಅಂದಿರಿ. “ಮುದುಕಿಗೆ ಅರಳುಮರಳು” ಎಂದು ಒಬ್ಬರು ಬಾಗಿಲು ಮುಚ್ಚುವ ಮೊದಲೇ ಹೇಳಿಬಿಟ್ಟಿರಿ. ನನ್ನ ಕಿವಿ ಇನ್ನೂ ಚೆನ್ನಾಗಿದೆ.

ಆಮೇಲೆ ಅನ್ನುವಷ್ಟರಲ್ಲಿ ಇನ್ನೆಷ್ಟು ಬಸುರಿಯರು ತಿನ್ನಬೇಕು?

ಇವತ್ತು ಬೆಳಿಗ್ಗೆ ನನ್ನ ಅಂಗಡಿಗೆ ಬೀಗ ಹಾಕಿ ಆರೋಗ್ಯ ಇಲಾಖೆಗೆ ಹೋದೆ. ಮೊದಲು ನನ್ನ ಅಂಗಡಿಯನ್ನು ಬರೆಸಿದೆ, ನಂತರ ನಿಮ್ಮ ನಾಲ್ಕನ್ನೂ ಬರೆಸಿದೆ. ನಾನಿಲ್ಲಿ ಮಾತಿಗೆ ನಿಂತ ಹೊತ್ತಿಗೆ ಅಧಿಕಾರಿಗಳು ನಿಮ್ಮ ಫ್ರಿಜ್ಜುಗಳ ಬಾಗಿಲು ತೆಗೆದಿದ್ದಾರೆ. ಫೋನು ಕೆಳಗಿಡಿ, ಪ್ರಯೋಜನವಿಲ್ಲ.

ಎದ್ದು ಹೋಗದೆ ಕೂತು ಕೇಳಿದವರಿಗೆ ನನ್ನ ಕೃತಜ್ಞತೆ. ನಮಸ್ಕಾರ.