ಮೊದಲ ದಿನದ ವಿಡಿಯೊ

"ನೀವು ವಿಡಿಯೊ ಅಳಿಸಿದ್ರ ಮುಗೀತೇನ್ರಿ ಅಕ್ಕೋರ? ಊರ ಮಂದಿ ಫೋನಿನಾಗಿಂದೂ ಅಳಿಸ್ತೀರೇನು?"

ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಏಕಸಂಬಿ ಬಸ್ಸಿಗೆ ಕಾದು ಕೂತಿದ್ದ ಗಿರಿಜವ್ವ ಎಲೆ ಜಗಿಯುವುದನ್ನು ನಿಲ್ಲಿಸಿದಳು. ಸಾಲೆಯ ಹುಡುಗಿಯೊಬ್ಬಳು ತನಗೆ ಕಲಿಸುವ ಅಕ್ಕೋರ ಮೇಲೆಯೇ ಹರಿಹಾಯುತ್ತಿದ್ದಳು.

"ಸಿಟ್ಟಾಗಬ್ಯಾಡ ಪ್ರಾಜಕ್ತಾ. ನೀ ಮರಾಠಿ ಸಾಲಿಯಿಂದ ಬಂದಾಕಿ. ಮೊದಲ ದಿನ ಕನ್ನಡ ತಡವರಿಸಿ ಓದಿದ್ದಿ, ಈಗ ನೀರ ಕುಡದಂಗ ಓದ್ತಿ. ಹೆಮ್ಮೀಲೆ ಎರಡೂ ವಿಡಿಯೊ ಫೇಸ್‌ಬುಕ್ಕಿಗೆ ಹಾಕಿದ್ನಿ."

"ಮಂದಿ ಮೊದಲ ದಿನದ್ದಷ್ಟ ಹಂಚ್ಯಾರ್ರಿ. ಕಿರಾಣಿ ಅಂಗಡಿಗೆ ಹೋದ್ರ ಹುಡುಗೋರು ನನ್ನಂಗ ಓದಿ ನಗ್ತಾರ. ಗೆಳತ್ಯಾರು ಬ್ಯಾರೆ ಬೆಂಚಿಗೆ ಹೋಗ್ಯಾರ. ಹಾಕೂ ಮೊದಲ ನನ್ನ ಒಂದ ಮಾತ ಕೇಳಿದ್ರೇನು?"

ಅಕ್ಕೋರು ತಲೆ ತಗ್ಗಿಸಿದರು.

"ಇಲ್ಲವ್ವ, ತಪ್ಪಾತು. ಹತ್ತನೇ ಕ್ಲಾಸಿನ ಪರೀಕ್ಷೆಗೆ ಮೂರು ತಿಂಗಳ ಐತಿ. ನಾಳೆ ಸಾಲಿಗೆ ಬಾ."

"ಬಂದು ಯಾರ ಜೋಡಿ ಕುಂಡ್ರಲಿ?"

"ನನ್ನ ಕುರ್ಚಿ ಬಾಜೂಕ ಕುಂಡ್ರು."

"ಅದನ್ನೂ ಯಾರರ ವಿಡಿಯೊ ಮಾಡ್ತಾರ ಬಿಡ್ರಿ. ನಾ ಇನ್ನ ಬರೂದಿಲ್ಲ."

ನಿಪ್ಪಾಣಿ ಬಸ್ ಬಂತು. ಹುಡುಗಿ ಹತ್ತಿ, ಆಚೆ ಬದಿಯ ಕಿಟಕಿಗೆ ಮುಖ ಮಾಡಿ ಕೂತಳು. ಬಸ್ಸು ಹೋದಮೇಲೂ ಅಕ್ಕೋರು ಅಲ್ಲಿಯೇ ನಿಂತಿದ್ದರು. ಗಿರಿಜವ್ವ ಸರಿದು ಜಾಗ ಮಾಡಿದಳು. ಅವರು ಕೂರಲಿಲ್ಲ.