ತೂತಿಲ್ಲದ ಟ್ಯಾಂಕಿನ ಉದ್ಘಾಟನೆ

ಹೊರರಾಜ್ಯದ ಮಣಿನಗರ ಸ್ಟೇಷನ್ನಿನ ಟಿಕೆಟ್ ಸಾಲಿನಲ್ಲಿ ಕನ್ನಡ ಕೇಳಿ ಕಿವಿಗೊಟ್ಟೆ. ನನ್ನ ಮುಂದೆ ಅಕ್ಕ, ತಮ್ಮ ನಿಂತಿದ್ದರು. ತಮ್ಮ ಹಜೀರಾದ ಯಾವುದೋ ಕಾರ್ಖಾನೆಯಲ್ಲಿ ಇಂಜಿನಿಯರ್ ಎಂದು ಮಾತಿನಿಂದ ತಿಳಿಯಿತು.

“ಟ್ಯಾಂಕಿಗೆ ತೂತ ಕೊರೀಲಾರದ, ಬರೇ ಶಬ್ದದ ಅಲೆಯಿಂದ ಒಳಗಿನ ಮೀಟರಿಗೆ ಕರೆಂಟ್ ಕಳಿಸ್ತೀನಿ ಅಂತಿದ್ದೆಲ್ಲ ವಿರೂಪಾಕ್ಷ, ಏನಾತು?”

“ಕಳಿಸಿದ್ನಕ್ಕಾ. ಉಕ್ಕಿನ ಗ್ವಾಡಿ ದಾಟಿ ಕರೆಂಟ್ ಹೋತು, ಮೀಟರಿನ ರೀಡಿಂಗೂ ಹಂಗ ಹೊರಗ ಬಂತು. ಮೂರು ವರ್ಷದ ದುಡಿಮಿ.”

“ಮತ್ಯಾಕ ಮಾರಿ ಸಣ್ಣ ಮಾಡೀದಿ?”

“ಉದ್ಘಾಟನಿಗೆ ಎರಡು ದಿನ ಮೊದಲ ಮುಖ್ಯ ಅತಿಥಿ ಬಂದು ನೋಡಿದ್ರು. ‘ಹೊರಗ ಏನೂ ಕಾಣಂಗಿಲ್ಲಲ್ಲ, ಫೋಟೋ ಹೆಂಗ ತಗೀಸೋದು?’ ಅಂದ್ರು.”

“ಅದಕ್ಕ?”

“ನಮ್ಮ ಸಾಹೇಬ್ರು ಟ್ಯಾಂಕ್ ಖಾಲಿ ಮಾಡಿಸಿ, ತೂತ ಕೊರಿಸಿ, ಒಳಗಿನ ಮೀಟರ್ ಕಾಣ್ಲಿ ಅಂತ ಗಾಜು ಕೂಡಿಸಿದ್ರು.”

“ಅಯ್ಯ!”

“ತೂತ ಹೆಂಗೂ ಐತಲ್ಲ ಅಂತ ಈಗ ಅದರಾಗ ಮೀಟರಿಗೆ ವೈರೂ ಎಳದಾರ.”

“ನಿನ್ನ ಯಂತ್ರ?”

“ಆಫೀಸಿನ ಬಾಗಿಲದಾಗ ಹೂವಿನ ಮಾಲಿ ಹಾಕಿ ಇಟ್ಟಾರ.”

“ನೀ ಸುಮ್ನ ನಿಂತಿದ್ದೇನೋ?”

“ಇಲ್ಲಕ್ಕಾ. ಗಾಜಿನ ಮ್ಯಾಲಿನ ಪರದೆ ಸರಿಸಿದಾಗ ಎಲ್ಲಾರೂ ಚಪ್ಪಾಳಿ ತಟ್ಟಿದ್ರು. ನಾನೂ ತಟ್ಟಿದೆ.”

ಅಕ್ಕ ಟಿಕೆಟ್ ಕೊಂಡು, ಅವನ ಭಾರದ ಚೀಲವನ್ನು ತಾನೇ ಎತ್ತಿಕೊಂಡು ಪ್ಲಾಟ್‌ಫಾರ್ಮಿನ ಕಡೆ ನಡೆದಳು.