ಅಕ್ಕಿಕಾಳಿನ ಕುದುರೆ

ಸತ್ಯವನ್ನು ಹೇಳುವುದಕ್ಕಿಂತ ಕೇಳಿಸಿಕೊಳ್ಳುವುದು ಕಷ್ಟ ಅಂತ ಮುಕ್ಕಾಲು ಗಂಟೆಯಿಂದ ಹೇಳುತ್ತಿದ್ದೇನೆ. ಹಿಂದಿನ ಸಾಲಿನಲ್ಲಿ ನಾಲ್ಕು ತಲೆಗಳು ತೂಗುತ್ತಿವೆ. ಒಪ್ಪಿಗೆಯಿಂದ ತೂಗುತ್ತಿವೆಯೋ ನಿದ್ದೆಯಿಂದಲೋ ಆ ಶಿವನಿಗೇ ಗೊತ್ತು. ಇರಲಿ, ಒಂದು ದೃಷ್ಟಾಂತ ಹೇಳುತ್ತೇನೆ. ಪಕ್ಕದವರನ್ನು ಸ್ವಲ್ಪ ತಿವಿದು ಎಬ್ಬಿಸಿ.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ನೋಡಿ, ಶ್ರೀಮಂತ ಅಂದ ಕೂಡಲೇ ಎಲ್ಲರೂ ಅಡಿವೆಪ್ಪನವರ ಕಡೆ ತಿರುಗಿದಿರಿ! ಅವರಲ್ಲಪ್ಪ. ಅವರ ಮನೆಯಲ್ಲಿರುವುದು ಟ್ರ್ಯಾಕ್ಟರು. ಈ ಶ್ರೀಮಂತನಿಗೆ ಇದ್ದದ್ದು ಕುದುರೆ ಹುಚ್ಚು. ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಆ ಸೀಮೆಯ ಊರುಗಳೆಲ್ಲ ಸೇರಿ ಬಯಲಿನಲ್ಲಿ ಕುದುರೆ ಶರ್ಯತ್ತು ನಡೆಸುತ್ತಿದ್ದವು. ಅದರಲ್ಲಿ ಗೆಲ್ಲಬೇಕು ಅನ್ನುವುದೊಂದೇ ಅವನ ಆಸೆ.

ಅಲ್ಲಿ ಒಂದು ಪದ್ಧತಿ. ಗೆದ್ದವನು ತನ್ನ ಕುದುರೆಯ ಮೇಲೆ ಕೂರಬೇಕು. ಕಡೆಗೆ ಬಂದವನು ರುಮಾಲು ತೆಗೆದು ಬರಿತಲೆಯಲ್ಲಿ ಆ ಕುದುರೆಯ ಲಗಾಮು ಹಿಡಿದು ಗೆದ್ದವನ ಊರಿನ ಓಣಿಯೆಲ್ಲ ಸುತ್ತಿಸಬೇಕು. ನಮ್ಮ ಶ್ರೀಮಂತ ಮೂರು ವರ್ಷ ಸುತ್ತಿಸಿದ. ಮೂರು ವರ್ಷವೂ ಕುದುರೆಯ ಮೇಲೆ ಕೂತವರು ಯಾರು? ಅವನ ಬೀಗರು! ಮಗಳನ್ನು ಕೊಟ್ಟ ಮನೆಯ ಯಜಮಾನರು. ಮೇಲಿನಿಂದ ಅವರು, "ಬೀಗರ, ಸ್ವಲ್ಪ ಸಾವಕಾಶ ನಡೀರಿ, ಧೂಳ ಏಳತೈತಿ" ಅನ್ನುವರು. ಕೆಳಗೆ ಇವನು ಹಲ್ಲು ಕಡಿಯುತ್ತ ನಡೆಯುವನು.

ಸೋತಾಗಲೆಲ್ಲ ಅವನ ಬಳಿ ಒಂದು ಕಾರಣ ಸಿದ್ಧವಿರುತ್ತಿತ್ತು. ಮೊದಲ ವರ್ಷ, ಕುದುರೆಗೆ ಹೊಟ್ಟೆ ಸರಿಯಿರಲಿಲ್ಲ. ಎರಡನೆಯ ವರ್ಷ, ನೆಲ ಸರಿಯಿರಲಿಲ್ಲ. ಮೂರನೆಯ ವರ್ಷ, ಗಾಳಿ ಸರಿಯಿರಲಿಲ್ಲ. ಬೀಸಿದ ಗಾಳಿ ಇವನೊಬ್ಬನ ಕುದುರೆಗೇ ಬೀಸಿತೇ? ಕೇಳುವವರು ಯಾರು! ಆದರೆ ಮಗಳ ಗತಿ ನೋಡಿ. ಅವಳ ಅತ್ತೆ ವರ್ಷವಿಡೀ ರೊಟ್ಟಿ ಬಡಿಯುತ್ತ, "ನಿಮ್ಮಪ್ಪ ಈ ಸಲ ಏನ್ ಕಾರಣ ಹೇಳ್ತಾನವಾ? ಮೋಡ ಆಗಿತ್ತಂತಾನೋ, ಬಿಸಲ ಇತ್ತಂತಾನೋ?" ಅಂತ ಚುಚ್ಚುವಳು. ಮಗಳು ತವರಿಗೆ ಬಂದಾಗ ಅತ್ತುಬಿಟ್ಟಳು. "ಅಪ್ಪಾ, ಈ ಸಲ ಏನಾರ ಮಾಡಿ ಅವರ ಬಾಯಿ ಮುಚ್ಚಸು, ಇಲ್ಲಾ ಶರ್ಯತ್ತಿಗೇ ಬರಬ್ಯಾಡ" ಅಂದಳು.

ಹೆಣ್ಣುಮಗಳ ಕಣ್ಣೀರು ಅಂದರೆ ಸುಮ್ಮನೆಯೇ? ಶ್ರೀಮಂತ ಮರುವಾರವೇ ಕುದುರೆ ಸಂತೆಗೆ ಹೊರಟ. ಜೊತೆಗೆ ಲಾಯದ ಮುದುಕನನ್ನು ಕರೆದುಕೊಂಡ. ಈ ಮುದುಕ ನಲವತ್ತು ವರ್ಷದಿಂದ ಅವರ ಮನೆಯ ಕುದುರೆಗಳಿಗೆ ಮೈ ತಿಕ್ಕಿ, ಹುಲ್ಲು ಹಾಕಿ, ಹುಷಾರು ತಪ್ಪಿದರೆ ಪಕ್ಕದಲ್ಲೇ ಮಲಗಿದವನು. ಕುದುರೆಯ ಬಾಯಿ ತೆರೆದರೆ ವಯಸ್ಸು ಹೇಳುವನು, ಮೊಣಕಾಲು ಸವರಿದರೆ ಓಟ ಹೇಳುವನು. ಅವನಲ್ಲಿ ಒಂದೇ ಒಂದು ದೋಷ, ಕಂಡದ್ದನ್ನು ಹೇಳುವನು.

ಸಂತೆಯ ಬಾಗಿಲಲ್ಲೇ ಒಬ್ಬ ಹೆಣ್ಣುಮಗಳು ಕಂದು ಬಣ್ಣದ ಕುದುರೆಯೊಂದನ್ನು ಹಿಡಿದು ನಿಂತಿದ್ದಳು. ಜೀನಿಲ್ಲ, ಗೆಜ್ಜೆಯಿಲ್ಲ, ಬರಿ ಹಗ್ಗ. ಶ್ರೀಮಂತ, "ಕುದುರಿ ಹೆಂಗೈತಿ?" ಅಂದ. ಅವಳು ಹೇಳಿದ್ದನ್ನು ಕೇಳಿ.

"ಓಡತೈತ್ರಿ, ಭಾಳ ಓಡತೈತಿ. ಆದ್ರ ಎಡಗಡಿಂದ ಹತ್ತಾಕ ಹೋದ್ರ ಕಡೀತೈತಿ, ಬಲಗಡಿಂದ ಹತ್ತಬೇಕು. ಬಿಚ್ಚಿದ ಕೊಡಿ ಕಂಡ್ರ ಅಂಜತೈತಿ. ಕಡ್ಲಿ ಕಡಿಮಿ ಹಾಕಿದ್ರ ಗ್ವಾಡಿ ಒದೀತೈತಿ."

ಶ್ರೀಮಂತನಿಗೆ ಸಿಟ್ಟು ಬಂತು. "ಏನವಾ, ಕುದುರಿ ಮಾರಾಕ ಬಂದೀಯೋ, ಅದರ ಚಾಡಿ ಹೇಳಾಕ ಬಂದೀಯೋ?"

"ಒಯ್ದ ಮ್ಯಾಲ ಬಂದು ಬೈಯೂದಕ್ಕಿಂತ ಈಗ ಬೈದು ಹೋಗ್ರಿ ಸಾವಕಾರ್ರ" ಅಂದಳು ಆಕೆ.

ಅಷ್ಟರಲ್ಲಿ ಮುದುಕ ಬಲಗಡೆಯಿಂದ ಹೋಗಿ ಹಲ್ಲು ನೋಡಿದ, ಕಾಲು ಸವರಿದ, ಬಯಲಲ್ಲಿ ಒಂದು ಸುತ್ತು ಓಡಿಸಿಯೂ ತಂದ. ಅವನ ಮುಖ ಅರಳಿತ್ತು. "ಧಣಿ, ಇದನ್ನ ಬಿಡಬ್ಯಾಡ್ರಿ" ಅಂದ. ಶ್ರೀಮಂತ ಅನುಮಾನದಿಂದ ಹತ್ತಿರ ಹೋದ. ಯಾವ ಕಡೆಯಿಂದ ಹೋದ? ಎಡಗಡೆಯಿಂದ! ಆಕೆ ಹೇಳಿದ್ದೇನು, ಇವನು ಮಾಡಿದ್ದೇನು! ಕುದುರೆ ಅವನ ಜರಿ ಶಾಲನ್ನು ಕಚ್ಚಿ ಎಳೆಯಿತು. "ಮರ್ಯಾದಿ ಗೊತ್ತಿಲ್ಲದ ಕುದುರಿ" ಅಂತ ಶ್ರೀಮಂತ ಮುಂದೆ ನಡೆದ.

ಸಂತೆಯ ನಡುವೆ ಒಂದು ಶಾಮಿಯಾನ. ನೆಲಕ್ಕೆ ಜಮಖಾನ. ಒಳಗೆ ಹಾಲಿನಂಥ ಬಿಳಿ ಕುದುರೆ. ಇವನನ್ನು ಕಂಡದ್ದೇ ತಡ, ವ್ಯಾಪಾರಿ ಎದ್ದು ಬಂದು ಕೈ ಮುಗಿದ, ಗಾದಿ ಹಾಕಿ ಕೂರಿಸಿದ, ಏಲಕ್ಕಿ ಚಹಾ ಕೊಟ್ಟ. ಶ್ರೀಮಂತ ಬೆಲೆ ಕೇಳಿದರೆ ಅವನು ಕಿವಿ ಮುಚ್ಚಿಕೊಂಡ.

"ಬೆಲಿ ಮಾತು ಬ್ಯಾಡ್ರಿ ಸಾವಕಾರ್ರ. ನಾ ಕುದುರಿ ಮಾರಾಕ ಬಂದಾವಲ್ಲ. ಈ ಕುದುರಿಗೆ ತಕ್ಕ ಧಣಿನ್ನ ಹುಡುಕಾಕ ಬಂದೀನಿ. ಎಂತೆಂಥಾ ಮಂದಿ ಬಂದ್ರು, ಇದು ಯಾರಿಗೂ ತಲಿ ಬಗ್ಗಸಲಿಲ್ಲ."

ಹೀಗಂದು ಮೂಲೆಯಲ್ಲಿ ಕೂತವನಿಗೆ ಕಣ್ಣು ಮಿಟುಕಿಸಿದ. ಅವನು ಹಲಗೆ ವಾದ್ಯದ ಮೇಲೆ ಎರಡು ಪೆಟ್ಟು ಹಾಕಿದ. ಕುದುರೆ ಮುಂಗಾಲು ಎತ್ತಿತು, ಕುತ್ತಿಗೆ ಬಾಗಿಸಿತು, ಶ್ರೀಮಂತನ ಮುಂದೆ ತಲೆ ತಗ್ಗಿಸಿ ನಿಂತಿತು.

"ಅಬಬಬಾ! ಗುರುತು ಹಿಡೀತು ನೋಡ್ರಿ!" ಅಂತ ವ್ಯಾಪಾರಿ ಕಣ್ಣು ಒರೆಸಿಕೊಂಡ. ನಿಜವಾಗಿ ನೀರು ಬಂದಿತ್ತು ಅನ್ನುತ್ತಾರೆ. ಒಳ್ಳೆಯ ವ್ಯಾಪಾರಿಗೆ ಅದೂ ಬರುತ್ತದೆ.

ಶ್ರೀಮಂತನ ಎದೆ ಹಿಗ್ಗಿತು. ಹೆಂಡತಿ ಬಾಗಲಿಲ್ಲ, ಆಳುಗಳು ಬಾಗಲಿಲ್ಲ, ಬೀಗರಂತೂ ಕುದುರೆಯ ಮೇಲೆ ಕೂತವರು ಬಾಗುವ ಮಾತೇ ಇಲ್ಲ. ಕಡೆಗೆ ಒಂದು ಜೀವಕ್ಕಾದರೂ ತನ್ನ ಬೆಲೆ ತಿಳಿಯಿತಲ್ಲ!

ಮುದುಕ ಮಾತ್ರ ಕುದುರೆಯ ಬಾಯಿ ತೆರೆದು ನೋಡಿದ. "ಏಳು ವರ್ಷದ್ದು ಅಂತಾರ, ಹದಿನಾಲ್ಕಕ್ಕ ಕಡಿಮಿ ಇಲ್ರಿ" ಅಂದ. ವ್ಯಾಪಾರಿ ನಕ್ಕ. "ರಾಜಂದು ಹಲ್ಲ ಎಣಸ್ತಾರೇನೋ ಮುದುಕಾ?" ಅಂದ. "ಹಂಗಾರ ಒಂದ್ ಸುತ್ತ ಓಡಸ್ರಿ" ಅಂದ ಮುದುಕ. "ಶರ್ಯತ್ತಿಗಿಂತ ಮೊದಲ ಓಡಿಸಿದ್ರ ನಾಕು ಮಂದಿ ಕಣ್ಣು ಬೀಳತೈತಿ, ದೃಷ್ಟಿ ಆಗತೈತಿ. ಅವತ್ತು ನೇರ ಬಯಲಿಗೆ ಇಳಸ್ರಿ" ಅಂದ ವ್ಯಾಪಾರಿ. ದೃಷ್ಟಿ ಅಂದರೆ ಮುಗಿಯಿತು. ಮನೆಯ ಮೇಲೆ ಬೂದುಗುಂಬಳ ಕಟ್ಟುವ ಜನ ನಾವು, ಮರುಮಾತು ಆಡುತ್ತೇವೆಯೇ?

ಮುದುಕ ಕುದುರೆಯ ಕುತ್ತಿಗೆಯ ಜೂಲಿನೊಳಗೆ ಬೆರಳಾಡಿಸಿದ. ಏನೋ ಸಿಕ್ಕಿತು. ಅಂಗೈ ಮೇಲಿಟ್ಟು ತೋರಿಸಿದ. ನಾಲ್ಕು ಅಕ್ಕಿಕಾಳು, ಅರಿಶಿನ ಹಚ್ಚಿದ್ದು.

"ದಿನಾ ಪೂಜಾ ಮಾಡ್ತೀನ್ರಿ ನಾ" ಅಂದ ವ್ಯಾಪಾರಿ. ಬೆವರು ಒರೆಸಿಕೊಂಡ ಅಷ್ಟೇ.

"ಕೇಳಿದಿಯಾ? ಪೂಜಾ ಮಾಡಿದ ಕುದುರಿ!" ಅಂದ ಶ್ರೀಮಂತ.

ಮುದುಕ ತಡೆಯಲಾರದೆ ಜೋರಾಗಿ ಹೇಳಿಬಿಟ್ಟ. "ಧಣಿ, ಇದು ಓಡೂ ಕುದುರಿ ಅಲ್ರಿ. ಇದು ಅಕ್ಕಿಕಾಳಿನ ಕುದುರಿ. ಮದುಮಗನ್ನ ಹೊತ್ತು ಮೆರವಣಿಗಿ ಹೋಗೂವಂಥಾದ್ದು."

ಶಾಮಿಯಾನದ ಸುತ್ತ ನಿಂತಿದ್ದ ಜನ ಕಿಸಕ್ಕೆಂದು ನಕ್ಕರು. ಅಷ್ಟೇ ಸಾಕಾಯಿತು. ತಪ್ಪು ತೋರಿಸಿದ್ದಕ್ಕಲ್ಲ, ನಾಲ್ಕು ಜನರೆದುರು ತೋರಿಸಿದ್ದಕ್ಕೆ ಶ್ರೀಮಂತ ಉರಿದೆದ್ದ. "ನಾಳಿಂದ ನೀ ಲಾಯಕ್ಕ ಬರಬ್ಯಾಡ" ಅಂದ. ನಲವತ್ತು ವರ್ಷ! ಒಂದು ನಗೆಗೆ ನಲವತ್ತು ವರ್ಷ ಹೋಯಿತು. ನನಗೆ ಈ ಕಥೆಯಲ್ಲಿ ಹೊಟ್ಟೆ ಉರಿಯುವುದು ಇಲ್ಲೇ. ಮುದುಕ ಹೆಗಲ ಮೇಲಿದ್ದ ಕುದುರೆ ಒರೆಸುವ ಬಟ್ಟೆಯನ್ನು ಮಡಚಿ ಧಣಿಯ ಕೈಗೆ ಕೊಟ್ಟು ನಡೆದುಬಿಟ್ಟ. ವ್ಯಾಪಾರಿ ಅದೇ ಬಟ್ಟೆಯನ್ನು ಇಸಿದುಕೊಂಡು ಶ್ರೀಮಂತನ ಕೈಮೇಲೆ ಹಾಸಿದ. ಸಂತೆಯಲ್ಲಿ ಬೆಲೆ ಕುದುರಿಸುವುದು ಹಾಗೆಯೇ ಅಲ್ಲವೇ, ಬಟ್ಟೆಯ ಕೆಳಗೆ ಬೆರಳು ಹಿಡಿದು? ಒಳಗೆ ಎಷ್ಟು ಬೆರಳು ಒತ್ತಿದನೋ ನಾವು ನೋಡಿಲ್ಲ. ವ್ಯಾಪಾರ ಕುದುರಿತು.

ಶರ್ಯತ್ತಿನ ದಿನ ಬಂತು. ಬೇರೆಯವರೆಲ್ಲ ಕಡ್ಡಿಯಂಥ ಸವಾರರನ್ನು ಹತ್ತಿಸಿದರೆ ನಮ್ಮ ಶ್ರೀಮಂತ, "ಈ ಕುದುರಿ ನನ್ನೊಬ್ಬನ್ನ ಒಪ್ಪೇತಿ" ಅಂತ ತಾನೇ ಹತ್ತಿದ. ಜರಿ ರುಮಾಲು, ಹುರಿ ಮೀಸೆ, ಕೊರಳಲ್ಲಿ ಹಾರ. ಗೆದ್ದೇ ಗೆಲ್ಲುವೆನೆಂಬ ಭರವಸೆಯಲ್ಲಿ ಪಟ್ಟಣದಿಂದ ಬ್ಯಾಂಡಿನವರನ್ನೂ ಕರೆಸಿದ್ದ. "ಬಾವುಟ ಬಿದ್ದ ಕೂಡ್ಲೆ ಬಾರಸ್ರಿ" ಅಂತ ಹೇಳಿಟ್ಟಿದ್ದ.

ಬಾವುಟ ಬಿತ್ತು. ಬ್ಯಾಂಡು ಮೊಳಗಿತು. ಹನ್ನೊಂದು ಕುದುರೆ ಧೂಳೆಬ್ಬಿಸಿ ಹೋದವು. ಹನ್ನೆರಡನೆಯದು? ಮುಂಗಾಲು ಎತ್ತಿತು. ಕುತ್ತಿಗೆ ಬಾಗಿಸಿತು. ಮೂರು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಮೂರು ಮುಂದೆ, ಒಂದು ಹಿಂದೆ. ಶ್ರೀಮಂತ ಹಿಮ್ಮಡಿಯಿಂದ ತಿವಿದ. ಅದು ಇನ್ನೂ ಚೆನ್ನಾಗಿ ಕುಣಿಯಿತು. "ನಿಲ್ಲಸ್ರೋ ಬ್ಯಾಂಡ್!" ಅಂತ ಕೂಗಿದ. ಬ್ಯಾಂಡಿನವರಿಗೆ ಕೇಳಿಸಲಿಲ್ಲ, ಧಣಿ ಖುಷಿಯಾಗಿ ಕೈಬೀಸುತ್ತಿದ್ದಾರೆ ಅಂತ ಇನ್ನೂ ಜೋರಾಗಿ ಊದುತ್ತ ಹಿಂದೆಯೇ ನಡೆದರು.

ಆ ದಿನ ಮದುವೆ ಮುಹೂರ್ತವೂ ಇತ್ತು. ಬಯಲಿನ ಪಕ್ಕದ ಓಣಿಯಲ್ಲಿ ಒಂದು ಮನೆಯ ಮುಂದೆ ಹಂದರ ಹಾಕಿದ್ದರು. ಹಂದರ ಕಂಡ ಕುದುರೆ ಕೇಳುತ್ತದೆಯೇ? ಶರ್ಯತ್ತಿನ ಬಯಲು ಬಿಟ್ಟು ಓಣಿಗೆ ಹೊರಳಿತು. ಸೀದಾ ಹಂದರದ ಬಾಗಿಲಿಗೆ ಹೋಗಿ ತಲೆ ತಗ್ಗಿಸಿ ನಿಂತಿತು. ವರನ ಮೆರವಣಿಗೆ ಬಂತೆಂದು ಒಳಗಿನಿಂದ ಹೆಂಗಸರು ಆರತಿ ಹಿಡಿದು ಓಡಿಬಂದರು. ಒಬ್ಬ ಮುದುಕಿ ಹಣೆಗೆ ಕೈಹಚ್ಚಿ ನೋಡಿ, "ಯವ್ವಾ, ಹುಡುಗಗ ಸ್ವಲ್ಪ ವಯಸ್ಸಾದಂಗ ಕಾಣ್ತೈತಲ್ಲ!" ಅಂದಳು. ಅಷ್ಟರಲ್ಲಿ ಯಾರೋ ಅವಸರದವರು ಅಕ್ಕಿಕಾಳು ತೂರಿಯೇಬಿಟ್ಟರು.

ಕಾಳು ರುಮಾಲಿನ ಮೇಲೆ ಬಿತ್ತು, ಮೀಸೆಯ ಮೇಲೆ ಬಿತ್ತು, ಕುದುರೆಯ ಜೂಲಿನಲ್ಲಿ ಬಿತ್ತು. ಶ್ರೀಮಂತ ಜೂಲಿನಿಂದ ಒಂದು ಕಾಳು ಆರಿಸಿ ನೋಡಿದ. ಅರಿಶಿನ ಹಚ್ಚಿದ ಅಕ್ಕಿ. ಆಗ ತಿಳಿಯಿತು ಅವನಿಗೆ.

ಜನರ ನಡುವಿನಿಂದ ಒಂದು ಕೈ ಬಂದು ಲಗಾಮು ಹಿಡಿಯಿತು. ಲಾಯದ ಮುದುಕ! ಶರ್ಯತ್ತು ನೋಡದೆ ಇರಲಾರದೆ ಬಂದಿದ್ದ. ಶ್ರೀಮಂತ ಕುದುರೆಯ ಮೇಲಿಂದಲೇ, "ಅವತ್ತ ಯಾಕ ಸರಿಯಾಗಿ ಹೇಳಲಿಲ್ಲೋ?" ಅಂದ.

"ಹೇಳಿದ್ನಲ್ರಿ."

"ಜೋರಾಗಿ ಹೇಳಬೇಕಿತ್ತು."

"ಜೋರಾಗಿ ಹೇಳಿದ್ದಕ್ಕ ಮನಿಗೆ ಕಳಿಸಿದ್ರಿ."

ಶ್ರೀಮಂತ ಕೆಳಗಿಳಿದ. ರುಮಾಲು ತೆಗೆದ. ಅತ್ತ ಶರ್ಯತ್ತು ಮುಗಿದಿತ್ತು. ಗೆದ್ದವರು ಬೀಗರೇ. ಅವರ ಕುದುರೆ ಯಾವುದು? ಸಂತೆಯಲ್ಲಿ ಇವನು ಬಿಟ್ಟುಬಂದ ಅದೇ ಕಂದು ಕುದುರೆ! ಬೀಗರ ಎಡಗೈಗೆ ಬಟ್ಟೆ ಸುತ್ತಿತ್ತು. ಅವರಿಗೂ ಒಮ್ಮೆ ಕಚ್ಚಿತ್ತು, ಆದರೆ ಅವರು ಒಮ್ಮೆಗೇ ಕಲಿತು ಸವಾರನನ್ನು ಬಲಗಡೆಯಿಂದ ಹತ್ತಿಸಿದ್ದರು.

ಪದ್ಧತಿ ಬಿಡುವಂತಿಲ್ಲ. ಬರಿತಲೆಯಲ್ಲಿ ಲಗಾಮು ಹಿಡಿದು ನಡೆದ. ಬೀಗರ ಮನೆಯ ಮುಂದೆ ಬಂದಾಗ ಮಗಳು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಅವಳ ಅತ್ತೆ ಸೊಂಟಕ್ಕೆ ಕೈಕೊಟ್ಟು, ಓಣಿಗೆಲ್ಲ ಕೇಳುವಂತೆ, "ಬೀಗರ, ಈ ಸಲ ಯಾರದ ತಪ್ಪರಿ? ಕುದುರಿದೋ, ಗಾಳಿದೋ?" ಅಂದಳು.

ಶ್ರೀಮಂತ ನಿಂತ. "ಕುದುರಿದೇನೂ ತಪ್ಪಿಲ್ರಿ ಬೀಗತಿ. ಅದು ಕಲಿತ ಕೆಲಸ ಛಲೋ ಮಾಡೇತಿ. ತಗೊಂಡಾವಂದ ತಪ್ಪು. ನಮ್ಮ ಮುದುಕ ಹೇಳಿದ್ದ, ನಾ ಕೇಳಲಿಲ್ಲ" ಅಂದ.

ಬೀಗತಿಯ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ತಪ್ಪು ಒಪ್ಪಿಕೊಂಡವನನ್ನು ಯಾವುದರಿಂದ ಚುಚ್ಚುವುದು? ಮಗಳು ಒಳಗೆ ಓಡಿಹೋಗಿ ತಂಬಿಗೆ ನೀರು ತಂದಳು. ಗೆದ್ದ ಮಾವನಿಗಿಂತ ಮೊದಲು ಅಪ್ಪನ ಕೈಗೆ ಕೊಟ್ಟಳು. ಅವಳು ಕೇಳಿದ್ದು ಅವರ ಬಾಯಿ ಮುಚ್ಚಿಸು ಅಂತ ತಾನೆ? ಕುದುರೆಯಿಂದ ಆಗದ್ದು ಒಂದು ಮಾತಿನಿಂದ ಆಯಿತು.

ಈಗ ನಿಮ್ಮ ಕಡೆ ಬರುತ್ತೇನೆ. ನಕ್ಕಿರಿ, ಸಂತೋಷ. ಆದರೆ ನೀವು ಯಾರ ಶಾಮಿಯಾನದಲ್ಲಿ ಕೂತು ಚಹಾ ಕುಡಿಯುತ್ತಿದ್ದೀರಿ? "ನಿಮ್ಮಂಥಾವರು ಇಲ್ಲ ಬಿಡ್ರಿ" ಅನ್ನುವವನಿಗೆ ಗಾದಿ, "ಇಲ್ಲಿ ತಪ್ಪಿದಿ ನೋಡು" ಅನ್ನುವ ಹೆಂಡತಿಗೆ ಹೊಸ್ತಿಲ ಹೊರಗೆ ಜಾಗ. ಮಗಳಿಗೆ ಗಂಡು ನೋಡಲು ಹೋಗುತ್ತೀರಿ. ಹುಡುಗ ಕಾಲಿಗೆ ಬಿದ್ದನೇ ಅಂತ ನೋಡುತ್ತೀರಿ, ಓಡುತ್ತಾನೆಯೇ ಅಂತ ನೋಡುವುದಿಲ್ಲ. ಪ್ರತಿಯೊಬ್ಬರ ಮನೆಯಲ್ಲೂ ಒಬ್ಬ ಲಾಯದ ಮುದುಕ ಇದ್ದಾನೆ. ಈಗ ಮಾತು ನಿಲ್ಲಿಸಿದ್ದಾನೆ. ನಿಲ್ಲಿಸಿದವರು ನೀವೇ.

ನಿಮಗೆ ಮಾತ್ರ ಹೇಳಿದರೆ ನಾನು ಕಳ್ಳನಾಗುತ್ತೇನೆ. ಪ್ರವಚನ ಮುಗಿದ ಮೇಲೆ ನೀವೆಲ್ಲ ಬಂದು, "ಅಜ್ಜಾರ, ಅಮೃತ ಕುಡಿದಂಗಾತು" ಅನ್ನುತ್ತೀರಿ. ಮಠದ ಅಡುಗೆಮನೆಯ ದುಂಡವ್ವ ಮಾತ್ರ ಹೋದ ತಿಂಗಳು, "ಅಜ್ಜಾರ, ನೀವು ಭಾಳ ಎಳೀತೀರಿ, ಅನ್ನ ಆರತೈತಿ, ಮಂದಿ ಹಸಿದಿರ್ತಾರ" ಅಂದಳು. ನಾನೇನು ಮಾಡಿದೆ ಗೊತ್ತೇ? ಅಡುಗೆಮನೆಯಿಂದ ಬಿಡಿಸಿ ದನದ ಕೊಟ್ಟಿಗೆಗೆ ಹಾಕಿದೆ. ಹೌದು, ಈ ಕಾವಿ ಬಟ್ಟೆಯವನೇ! ನಿನ್ನೆ ಈ ಕಥೆಯನ್ನು ಮನಸ್ಸಿನಲ್ಲಿ ಜೋಡಿಸುವಾಗ ನಾಚಿಕೆಯಾಯಿತು. ಇವತ್ತು ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ ಆಕೆಯನ್ನು ಕರೆತಂದಿದ್ದೇನೆ.

ನೀವೂ ಇಷ್ಟು ಮಾಡಿ. ಇವತ್ತು ಮನೆಗೆ ಹೋಗಿ, ನಿಮ್ಮ ಸಿಟ್ಟಿಗೆ ಅಂಜಿ ಸುಮ್ಮನಾದವರು ಯಾರೋ ಅವರ ಪಕ್ಕದಲ್ಲಿ ಊಟಕ್ಕೆ ಕೂರಿ. "ನನ್ನಲ್ಲೇನು ತಪ್ಪಿದೆ ಹೇಳು" ಅಂತ ಕೇಳಿ. ಕೇಳಿದ ಮೇಲೆ ಊಟ ಮುಗಿಯುವವರೆಗೆ ಬಾಯನ್ನು ತುತ್ತಿಗೆ ಮಾತ್ರ ತೆರೆಯಿರಿ. ಗಾಳಿ, ನೆಲ, ಹೊಟ್ಟೆನೋವು, ಯಾವ ಕಾರಣವನ್ನೂ ಹೇಳಬೇಡಿ. ಅವರು ಹೇಳಿದ್ದರಲ್ಲಿ ಒಂದನ್ನಾದರೂ ನಾಳೆಯಿಂದ ತಿದ್ದಿಕೊಳ್ಳಿ.

ಅಗೋ, ಬಾಗಿಲಲ್ಲಿ ದುಂಡವ್ವ ಸೌಟು ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಾಳೆ. ಗೊತ್ತಾಯಿತವ್ವ, ಇವತ್ತೂ ಎಳೆದೆ. ಏಳಿ ಎಲ್ಲರೂ, ಅನ್ನ ಆರುತ್ತಿದೆ.